ಜೋಡೆತ್ತಿನ ಡಬ್ಬಿಯ ಊರಿನಲ್ಲಿ ನಾಲ್ಕು ದಿನ

ಮೊದಲನೇ ದಿನ: ವಿಜಯಪುರ, ಸಾವಳಗಿ, ಕೃಷ್ಣೆಯ ದಂಡೆ

ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಗ್ಗೆ ಏಳಕ್ಕೇ ಜಮಖಂಡಿ ಕಡೆಯ ಬಸ್ಸು ತುಂಬಿತ್ತು. ಡಿಸೆಂಬರ್ ಚಳಿ. ನನ್ನ ಸೀಟಿನ ಕಿಟಕಿ ಗಾಜು ಅರ್ಧಕ್ಕೇ ನಿಂತುಬಿಟ್ಟಿತ್ತು. ಪಕ್ಕದಲ್ಲಿ ಕೂತಿದ್ದ ರುಮಾಲಿನ ಹಿರಿಯರು ತಮ್ಮ ಕಂಬಳಿಯ ತುದಿಯನ್ನು ಆ ಸಂದಿಗೆ ತುರುಕಿ ಗಾಳಿ ನಿಲ್ಲಿಸಿದರು. ಆಮೇಲೆ ಮಾತಿಗೆ ಶುರು ಮಾಡಿದರು.

"ಎಲ್ಲಿಗೆ ಹೊಂಟೀದಿ ತಂಗಿ?"

"ಸಾವಳಗಿಗ್ರಿ."

"ಅಲ್ಲಿ ಯಾರ ಮನಿಗೆ?"

"ಯಾರ ಮನಿಗೂ ಅಲ್ರಿ. ಬಿ.ಡಿ. ಜತ್ತಿಯವರ ಊರು ನೋಡ್ಬೇಕು ಅಂತ ಹೊಂಟೀನಿ."

"ಜತ್ತಿ ವಕೀಲರ ಊರಾ? ನಮ್ಮಪ್ಪ ಅವರನ್ನ ಭಾಳ ನೆನಸ್ತಿದ್ದ."

ಜತ್ತಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದರು, ಮುಂದೆ ದೇಶದ ಉಪರಾಷ್ಟ್ರಪತಿಯಾಗಿದ್ದರು. ಹಿರಿಯರು ಮುಖ್ಯಮಂತ್ರಿ ಅನ್ನಲಿಲ್ಲ, ಉಪರಾಷ್ಟ್ರಪತಿ ಅನ್ನಲಿಲ್ಲ. ವಕೀಲರು ಅಂದರು. ಈ ಪ್ರವಾಸಕ್ಕೆ ಹೊರಟಿದ್ದೇ ಇಂಥ ಮಾತು ಕೇಳೋದಕ್ಕೆ. ಜತ್ತಿಯವರು ಕೂತ ಕುರ್ಚಿಗಳ ಪಟ್ಟಿ ಯಾವ ಸಾಮಾನ್ಯ ಜ್ಞಾನದ ಪುಸ್ತಕದಲ್ಲೂ ಸಿಗುತ್ತೆ. ಅವರು ವೋಟು ಕೇಳಿದ ಊರುಗಳು ಯಾವ ಪಟ್ಟಿಯಲ್ಲೂ ಸಿಗಲ್ಲ. 1952, 1957, 1962, 1967. ನಾಲ್ಕು ಚುನಾವಣೆ, ನಾಲ್ಕರಲ್ಲೂ ಜಮಖಂಡಿ, ನಾಲ್ಕರಲ್ಲೂ ಗೆಲುವು. ಆ ಕ್ಷೇತ್ರದ ಮಣ್ಣಿನ ಮೇಲೆ ನಾಲ್ಕು ದಿನ ಓಡಾಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಬಬಲೇಶ್ವರ ದಾಟಿದ ಮೇಲೆ ಎರಡೂ ಕಡೆ ಎರಿ ಹೊಲ. ಬಿಳಿಜೋಳ ಮೊಣಕಾಲಿನಷ್ಟು ಎದ್ದಿತ್ತು, ನಡುನಡುವೆ ಕಡಲೆ. ದಾರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಸಾವಳಗಿ ಮುಟ್ಟಿದಾಗ ಹತ್ತು ಗಂಟೆ. ಹೊರಗಿನವರಿಗೆ ಒಂದು ಮಾತು ಹೇಳಬೇಕು. ಶಿವಲಿಂಗೇಶ್ವರ ಮಠ ಇರುವ ಸಾವಳಗಿ ಬೇರೆ, ಅದು ಗೋಕಾಕ ತಾಲೂಕಿನದು. ಇದು ಜಮಖಂಡಿ ತಾಲೂಕಿನ ಸಾವಳಗಿ, ಕೃಷ್ಣೆಯ ಉತ್ತರ ದಂಡೆಯ ಊರು. ಬಸಪ್ಪ ದಾನಪ್ಪ ಜತ್ತಿ ಹುಟ್ಟಿದ್ದು ಇಲ್ಲಿ, 1912ರ ಸೆಪ್ಟೆಂಬರ್ 10ರಂದು.

ಊರು ದೊಡ್ಡದಾಗಿ ಬೆಳೆದಿದೆ. ಬಸ್ ನಿಲ್ಲುವ ಜಾಗದಲ್ಲಿ ಗೊಬ್ಬರದ ಅಂಗಡಿ, ಮೊಬೈಲ್ ಅಂಗಡಿ, ಮಿರ್ಚಿ ಕರಿಯುವ ಬಂಡಿ. ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು ಸುಮ್ನೆ ಒಂದು ಗಂಟೆ ಕಳೆದೆ. ಇಲ್ಲಿಂದ ಓದೋಕೆ ಅಂತ ಹೊರಟ ಹುಡುಗ ಮುಂದೆ ಕೊಲ್ಲಾಪುರಕ್ಕೆ ಹೋದ. ಅಲ್ಲಿ ರಾಜಾರಾಮ್ ಕಾಲೇಜಿನಲ್ಲಿ ಓದಿ, ಕಾನೂನನ್ನೂ ಅಲ್ಲೇ ಮುಗಿಸಿ, ಜಮಖಂಡಿಗೆ ವಾಪಸ್ ಬಂದು ವಕೀಲಿ ಹಿಡಿದ. ಆ ಕಾಲಕ್ಕೆ ನಮ್ಮ ಭಾಗದವರಿಗೆ ಬೆಂಗಳೂರು ಪರದೇಶ ಇದ್ದಂತೆ. ಓದು, ಕೋರ್ಟು, ವ್ಯಾಪಾರ ಎಲ್ಲಕ್ಕೂ ಮುಖ ಇದ್ದದ್ದು ಕೊಲ್ಲಾಪುರ, ಪುಣೆ, ಮುಂಬೈ ಕಡೆಗೆ.

ಸಂಜೆ ಜಮಖಂಡಿಗೆ ಹೊರಟೆ. ಚಿಕ್ಕಪಡಸಲಗಿ ಹತ್ತಿರ ಇಳಿದುಕೊಂಡೆ, ಬ್ಯಾರೇಜ್ ನೋಡದೆ ಮುಂದೆ ಹೋಗೋಕೆ ಮನಸ್ಸಾಗಲಿಲ್ಲ. 1989ರಲ್ಲಿ ರೈತರೇ ದುಡ್ಡು ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು ಕೃಷ್ಣೆಗೆ ಅಡ್ಡ ಕಟ್ಟಿದ ಬ್ಯಾರೇಜ್ ಇದು. ಹೆಸರು ಶ್ರಮಬಿಂದು ಸಾಗರ. ಮುಂದೆ ನಿಂತು ಕಟ್ಟಿಸಿದವರು ಸಿದ್ದು ನ್ಯಾಮಗೌಡರು. ಜನ ಅವರನ್ನು ಬ್ಯಾರೇಜ್ ಸಿದ್ದು ಅಂತಲೇ ಕರೆದರು. ಎರಡು ವರ್ಷಕ್ಕೆ, 1991ರ ಲೋಕಸಭಾ ಚುನಾವಣೆಯಲ್ಲಿ, ಬಾಗಲಕೋಟೆಯಿಂದ ನಿಂತ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಮುಖ್ಯಮಂತ್ರಿಯಾಗಿದ್ದವರು, ಇಡೀ ದೇಶಕ್ಕೆ ಪರಿಚಯವಿದ್ದವರು ಹೆಗಡೆ. ಈ ಭಾಗದ ಮತದಾರ ನೀರು ಕೊಟ್ಟವನ ಕೈ ಹಿಡಿದ. ಕಲ್ಲಿದ್ದಲು ಖಾತೆಯ ರಾಜ್ಯ ಸಚಿವರಾದ ನ್ಯಾಮಗೌಡರು, ಬಹಳ ವರ್ಷದ ಮೇಲೆ, 2013ರಲ್ಲಿ ಮತ್ತು 2018ರಲ್ಲಿ ಜಮಖಂಡಿಯ ಶಾಸಕರಾದರು. ಎರಡನೇ ಸಲ ಗೆದ್ದ ಕೆಲವೇ ದಿನಕ್ಕೆ ತೀರಿಕೊಂಡರು. ಅದನ್ನು ಮೂರನೇ ದಿನ ಹೇಳುತ್ತೇನೆ, ಆ ಜಾಗ ದಾರಿಯಲ್ಲೇ ಬರುತ್ತೆ.

ಹೊತ್ತು ಮುಳುಗುವಾಗ ನೀರಿನ ಮೇಲೆ ಬೆಳಕು ತೆಳ್ಳಗೆ ಹರಡಿತ್ತು. ದಂಡೆಯುದ್ದಕ್ಕೂ ಪಂಪ್‌ಸೆಟ್ ಪೈಪುಗಳು ಸಾಲಾಗಿ ನೀರಿಗೆ ಬಾಯಿ ಇಟ್ಟು ಮಲಗಿದ್ದವು. ಹಿಂದೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದೊಂದಕ್ಕೂ ಎರಡೆರಡು ಟ್ರೇಲರು, ಜೋರು ಹಾಡು.

ಎರಡನೇ ದಿನ: ಜಮಖಂಡಿ

ಇಳಿದುಕೊಂಡಿದ್ದು ಕಾಲೇಜಿನ ಗೆಳತಿಯ ಮನೆಯಲ್ಲಿ. ಬೆಳಗ್ಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಗೆಳತಿಯ ಅಜ್ಜಿಗೆ ತೊಂಬತ್ತರ ಹತ್ತಿರ. ಮನೆಯವರೆಲ್ಲ ಆಯಿ ಅಂತಾರೆ, ನಾನೂ ಹಾಗೇ ಕರೆದೆ. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಚೂಪು.

"ಆಯಿ, ನೀವು ಮೊದಲನೇ ಸಲ ವೋಟು ಹಾಕಿದ್ದು ನೆನಪೈತಾ?"

"ಯಾಕಿಲ್ಲ ಯವ್ವಾ. ಮದಿವಿಯಾಗಿ ಬಂದ ಹೊಸತು. ಅತ್ತಿ ಜೋಡಿ ಹೋಗಿದ್ದೆ. ಒಳಗ ಒಂದು ಪರದೆ ಕಟ್ಟಿದ್ರು. ಅದರ ಹಿಂದ ಡಬ್ಬಿ ಇಟ್ಟಿದ್ರು. ಒಂದರ ಮ್ಯಾಲ ಜೋಡೆತ್ತು. ಅತ್ತಿ ಮೊದಲಽ ಹೇಳಿದ್ಲು, ಎತ್ತಿನ ಡಬ್ಬಿಗೆ ಹಾಕು ಅಂತ. ನನಗ ಚೀಟಿ ಒಳಗ ಬಿತ್ತೋ ಇಲ್ಲೋ ಅಂತ ಹೆದರಿಕಿ. ಬೆರಳು ತುರುಕಿ ನೋಡಿದೆ."

ಹಾಗೆ ಹೇಳುತ್ತಾ ಆಯಿ ಬಲಗೈ ತೋರುಬೆರಳನ್ನು ಎಡಗೈ ಮುಷ್ಟಿಯೊಳಗೆ ಇಳಿಸಿ ತೋರಿಸಿದರು. ಹಸಿರು ಗಾಜಿನ ಬಳೆಗಳು ಮೊಣಕೈ ಕಡೆ ಜಾರಿದವು. ಅರವತ್ತೇಳೆಂಟು ವರ್ಷದ ಹಿಂದಿನ ಆ ಹೆದರಿಕೆ ಅವರ ಮುಖದ ಮೇಲೆ ಒಂದು ಕ್ಷಣ ಬಂದು ಹೋಯಿತು.

ಆಯಿ ಹೇಳಿದ್ದು 1957ರ ಚುನಾವಣೆ. 1952ರಲ್ಲಿ ಮತ್ತು 1957ರಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಡುತ್ತಿದ್ದರು, ಮೇಲೆ ಅವರವರ ಚಿಹ್ನೆ. ಮತದಾರ ಚೀಟಿಯ ಮೇಲೆ ಏನೂ ಗುರುತು ಹಾಕಬೇಕಿರಲಿಲ್ಲ. ತನಗೆ ಬೇಕಾದವರ ಪೆಟ್ಟಿಗೆಗೆ ಅದನ್ನು ಹಾಕಿದರೆ ಆಯಿತು. ಓದು ಬರಹ ಬಾರದ ಜನ ಜಾಸ್ತಿ ಇದ್ದ ದೇಶಕ್ಕೆ ಅದು ಸುಲಭದ ದಾರಿ. ಜೋಡೆತ್ತು ಆಗ ಕಾಂಗ್ರೆಸ್ಸಿನ ಗುರುತು. ಮತ ಹಾಕೋದಕ್ಕೆ 21 ತುಂಬಿರಬೇಕಿತ್ತು. 1962ರ ಹೊತ್ತಿಗೆ ಎಲ್ಲ ಹೆಸರೂ ಒಂದೇ ಚೀಟಿಯಲ್ಲಿ ಬಂದವು, ಮುದ್ರೆ ಒತ್ತುವ ಪದ್ಧತಿ ಬಂತು. ಬೆರಳಿಗೆ ಹಚ್ಚುವ ಮೈಸೂರು ಕಾರ್ಖಾನೆಯ ಶಾಯಿ ಬಂದದ್ದೂ ಆ ಚುನಾವಣೆಯಿಂದ.

ಹೊರಡುವಾಗ ಆಯಿ ಕೈ ಹಿಡಿದು ಒಂದು ಕೆಲಸ ಹೇಳಿದರು. ಅವರ ಅಕ್ಕನನ್ನು ಕೊಟ್ಟಿದ್ದು ಹಳೇ ಬಾಗಲಕೋಟೆಗೆ. ಆ ಮನೆ ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಬಹಳ ವರ್ಷವಾಯಿತು, ಅಕ್ಕನೂ ಈಗಿಲ್ಲ. "ಆ ಓಣಿ ಕಂಡ್ರ ನೋಡ್ಕೊಂಡು ಬಾ ಯವ್ವಾ," ಅಂದರು. ಓಣಿಯ ಹೆಸರು, ಹತ್ತಿರದ ಗುಡಿಯ ಗುರುತು ಎಲ್ಲ ಹೇಳಿದರು. ಬರೆದುಕೊಂಡೆ.

ಜಮಖಂಡಿ ಪಟವರ್ಧನ ರಾಜರ ಊರು. ಚಿಕ್ಕ ಸಂಸ್ಥಾನ. ಜತ್ತಿಯವರ ರಾಜಕೀಯ ಶುರುವಾದದ್ದು ಈ ಊರಿನ ಮುನ್ಸಿಪಾಲಿಟಿಯಲ್ಲಿ. 1940ರಲ್ಲಿ ಸದಸ್ಯರು, 1945ರಲ್ಲಿ ಅಧ್ಯಕ್ಷರು. ಗಟಾರು, ನಲ್ಲಿ, ಬೀದಿ ದೀಪ ಇವೇ ಅಲ್ಲಿನ ಕೆಲಸ ಅಲ್ವಾ? ಅಲ್ಲಿಂದ ಸಂಸ್ಥಾನದ ಶಾಸನ ಸಭೆಗೆ ಆರಿಸಿಬಂದರು, ಮಂತ್ರಿಯಾದರು, 1948ರಲ್ಲಿ ದಿವಾನರೇ ಆದರು. ವಯಸ್ಸು ಇನ್ನೂ 35.

ದಿವಾನಗಿರಿ ಬಹಳ ದಿನ ಉಳಿಯಲಿಲ್ಲ. ಸಂಸ್ಥಾನವನ್ನು ಭಾರತದ ಒಕ್ಕೂಟಕ್ಕೆ ಸೇರಿಸುವ ಕೆಲಸವನ್ನು ರಾಜ ಶಂಕರರಾವ್ ಪಟವರ್ಧನರ ಜೊತೆ ವೈಮನಸ್ಸಿಲ್ಲದೆ ಮುಗಿಸಿದವರು ಜತ್ತಿಯವರೇ. 1948ರ ಮಾರ್ಚ್ 8ರಂದು ಜಮಖಂಡಿ ಮುಂಬೈ ಪ್ರಾಂತಕ್ಕೆ ಸೇರಿತು. ಅವತ್ತೇ ಇವರ ಕುರ್ಚಿಯೂ ಹೋಯಿತು. ಜತ್ತಿಯವರು ಮತ್ತೆ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋದರು. ಸುಮಾರು 20 ತಿಂಗಳು ಹಾಗೇ ವಕೀಲಿ ಮಾಡಿದರು. ಬಸ್ಸಿನ ಹಿರಿಯರ ಬಾಯಲ್ಲಿ ಇವತ್ತಿಗೂ ಅವರು ವಕೀಲರಾಗಿಯೇ ಉಳಿದಿರುವುದು ನನಗೆ ಬಹಳ ಸರಿ ಅನ್ನಿಸಿತು.

ಆಮೇಲೆ ವಿಲೀನವಾದ ಪ್ರದೇಶದ ಪರವಾಗಿ ಮುಂಬೈ ವಿಧಾನಸಭೆಗೆ ಜತ್ತಿಯವರ ನಾಮನಿರ್ದೇಶನವಾಯಿತು. ಒಂದು ವಾರದಲ್ಲೇ ಮುಖ್ಯಮಂತ್ರಿ ಬಿ.ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾದರು. 1952ರಲ್ಲಿ ಜನರ ವೋಟಿನಿಂದ ಗೆದ್ದು ಹೋದಾಗ ಮುಂಬೈ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. ಅವರ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಕೆಲಸ ಸಿಕ್ಕಿತು. ಮೊರಾರ್ಜಿ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಬಾಗಲಕೋಟೆ ಬೇರೆ ಜಿಲ್ಲೆ ಆಗಿರಲಿಲ್ಲ, ಎಲ್ಲ ಸೇರಿ ಅಖಂಡ ಬಿಜಾಪುರ. ಜತ್ತಿಯವರ ಶಾಸನ ಸಭೆ ಮುಂಬೈಯಿಂದ ಬೆಂಗಳೂರಿಗೆ ಬದಲಾಯಿತು, ಕ್ಷೇತ್ರ ಬದಲಾಗಲಿಲ್ಲ. 1958ರ ಮೇ 16ರಂದು, ನಿಜಲಿಂಗಪ್ಪನವರು ಕೆಳಗಿಳಿದ ಮೇಲೆ, ಮುಖ್ಯಮಂತ್ರಿಯಾದರು.

ಅವರ ಕೆಲಸಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಭೂ ಸುಧಾರಣೆ. ಐದು ಕಡೆಯಿಂದ ಬಂದು ಕೂಡಿದ ರಾಜ್ಯದಲ್ಲಿ ಗೇಣಿ ಕಾನೂನು ಕಡೆಗೊಂದು ಇತ್ತು. ಹಳೇ ಮೈಸೂರಿನದು ಒಂದು, ಮುಂಬೈ ಭಾಗದ್ದು ಇನ್ನೊಂದು, ಹೈದರಾಬಾದಿನದು, ಮದ್ರಾಸಿನದು, ಕೊಡಗಿನದು ಬೇರೆ ಬೇರೆ. ಇಡೀ ರಾಜ್ಯಕ್ಕೆ ಒಂದೇ ಕಾನೂನು ಹೇಗಿರಬೇಕು ಅಂತ ನೋಡಲು 1957ರಲ್ಲಿ ಸಮಿತಿ ಮಾಡಿದಾಗ ಅದರ ಅಧ್ಯಕ್ಷರು ಜತ್ತಿ. ಮುಂದೆ ಅವರು ಮುಖ್ಯಮಂತ್ರಿಯಾಗಿದ್ದಾಗಲೇ 1961ರ ಭೂ ಸುಧಾರಣಾ ಕಾಯ್ದೆ ಸದನದಲ್ಲಿ ಪಾಸಾಯಿತು. ಜಾರಿಗೆ ಬರಲು 1965ರ ಅಕ್ಟೋಬರ್ 2ರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟೋ ಧಣಿಗಳು ಹೊಲ ಬಿಡಿಸಿಕೊಂಡರು. ಸ್ವಂತ ಸಾಗುವಳಿಗೆ ಅಂತ ಹೊಲ ವಾಪಸ್ ಪಡೆಯುವ ದಾರಿಯೂ ಆ ಕಾಯ್ದೆಯಲ್ಲೇ ಇತ್ತು. ಉಳುವವನೇ ಒಡೆಯ ಅನ್ನುವುದು ನಿಜವಾಗಿ ಊರಿಗೆ ತಲುಪಿದ್ದು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯಿಂದ. ಇದನ್ನೆಲ್ಲ ಒಪ್ಪಿಕೊಂಡೇ ಹೇಳುತ್ತೇನೆ, ಅರಸರು ನಡೆದ ದಾರಿಗೆ ಮೊದಲ ಕಲ್ಲು ಹಾಸಿದ್ದು ಜಮಖಂಡಿಯ ಈ ವಕೀಲ. ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡಿದವರ ಕಷ್ಟವನ್ನು ಕೋರ್ಟಿನಲ್ಲಿ ದಿನಾ ಕಂಡವರಿಗೆ ಆ ಕೆಲಸದ ಬೆಲೆ ಗೊತ್ತಿರುತ್ತೆ. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆಯೂ ಅವರ ಕಾಲದ್ದೇ. ಮುನ್ಸಿಪಾಲಿಟಿಯಿಂದ ಬಂದ ಮನುಷ್ಯ ಅದನ್ನು ಮಾಡಿದ್ದರಲ್ಲಿ ಆಶ್ಚರ್ಯ ಇಲ್ಲ.

ಸಂಜೆ ಗೆಳತಿಯ ಸ್ಕೂಟಿಯಲ್ಲಿ ರಾಮತೀರ್ಥ ಗುಡ್ಡಕ್ಕೆ ಹೋದೆವು. ಗುಡಿಗೆ ಕೈಮುಗಿದು, ಅರಮನೆಯನ್ನು ಹೊರಗಿನಿಂದ ನೋಡಿ, ಒಂದು ಬಂಡೆಯ ಮೇಲೆ ಕೂತೆವು. ಕೆಳಗೆ ಊರಿನ ದೀಪ ಹತ್ತುತ್ತಿದ್ದವು. ಅಲ್ಲಿ ಕೂತು ಗೆಳತಿಗೆ 1977ರ ಕಥೆ ಹೇಳಿದೆ. ಜಮಖಂಡಿಯಲ್ಲೇ ಹುಟ್ಟಿದವಳಿಗೆ ಅದು ಗೊತ್ತಿರಲಿಲ್ಲ, ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಆ ಮಾತು ನನಗೆ ನೋವು ತಂದಿತು.

1968ರಲ್ಲಿ ಜತ್ತಿಯವರು ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆದರು. ಚುನಾವಣಾ ರಾಜಕೀಯ ಅಲ್ಲಿಗೆ ಮುಗಿಯಿತು. 1972ರಲ್ಲಿ ಒಡಿಶಾ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಅವತ್ತಿನಿಂದ ಜುಲೈ 25ರ ತನಕ ಸಾವಳಗಿಯ ಮಗ ದೇಶದ ಹಂಗಾಮಿ ರಾಷ್ಟ್ರಪತಿ. ಆ ನಡುವೆ ಚುನಾವಣೆ ನಡೆದು ಇಂದಿರಾ ಗಾಂಧಿ ಸೋತರು. ಮಾರ್ಚ್ 24ರಂದು ಹೊಸ ಪ್ರಧಾನಿಗೆ ಪ್ರಮಾಣ ವಚನ ಬೋಧಿಸಿದವರು ಜತ್ತಿ, ಸ್ವೀಕರಿಸಿದವರು ಮೊರಾರ್ಜಿ ದೇಸಾಯಿ. ಮುಂಬೈಯಲ್ಲಿ ತಮ್ಮ ಕೈಕೆಳಗೆ ಕೆಲಸ ಮಾಡಿದ್ದ ಜಮಖಂಡಿ ಶಾಸಕನ ಮುಂದೆ ನಿಂತು ಮೊರಾರ್ಜಿ ಪ್ರಮಾಣ ಮಾಡಿದರು.

ಕಷ್ಟದ ಹೊತ್ತು ಬಂದದ್ದು ಆಮೇಲೆ. ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕು ಅಂತ ಹೊಸ ಸರ್ಕಾರ ತೀರ್ಮಾನ ಮಾಡಿತು. ಕಾಗದ ರಾಷ್ಟ್ರಪತಿ ಭವನಕ್ಕೆ ಬಂತು. ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ಸುಪ್ರೀಂ ಕೋರ್ಟು ರಾಜ್ಯಗಳ ಅರ್ಜಿ ತಳ್ಳಿಹಾಕಿದ ಮೇಲೂ ಹಿಂದೆ ಮುಂದೆ ನೋಡಿದರು. ಕೊನೆಗೆ ಏಪ್ರಿಲ್ 30ರಂದು ಸಹಿ ಬಿತ್ತು. ಹಳೇ ಪಕ್ಷದ ಋಣಕ್ಕೆ ತಡ ಮಾಡಿದರು ಅಂತ ಆಗ ಬಹಳ ಜನ ಬೈದರು. ಇನ್ನೊಂದು ಮಾತೂ ಇದೆ, ಅದನ್ನು ಮುಚ್ಚಿಡಬಾರದು. 1973ರಲ್ಲಿ ಒಡಿಶಾದಲ್ಲಿ ನಂದಿನಿ ಸತ್ಪತಿ ರಾಜೀನಾಮೆ ಕೊಟ್ಟಾಗ, ಬಿಜು ಪಟ್ನಾಯಕರನ್ನು ಸರ್ಕಾರ ರಚನೆಗೆ ಕರೆಯದೆ ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡಿದ ರಾಜ್ಯಪಾಲರು ಇದೇ ಜತ್ತಿ. ಅಲ್ಲಿ ಅವರು ತಪ್ಪಿದರು ಅಂತಲೇ ನನ್ನ ಭಾವನೆ. ಆದರೆ 1977ರ ಆ ತಡವನ್ನು ಬರೀ ಪಕ್ಷದ ಋಣ ಅಂತ ಅಳೆಯೋಕೆ ನನ್ನಿಂದ ಆಗಲ್ಲ. ಸಂಸ್ಥಾನದ ಸಭೆ, ಮುಂಬೈ ಸಭೆ, ಬೆಂಗಳೂರಿನ ಸಭೆ, ಇಷ್ಟು ಕಡೆ ಶಾಸಕನಾಗಿ ಕೂತು ಎದ್ದವರು. ಒಂದು ಸಹಿಯಿಂದ ಒಂಬತ್ತು ಸಭೆಗಳು ಹೋಗುತ್ತವೆ ಅಂದಾಗ ಕೈ ನಿಂತಿರಬೇಕು. ಒಡಿಶಾದ ತಪ್ಪೂ ಕಣ್ಣ ಮುಂದೆ ಬಂದಿರಬಹುದು. ಆ ಒಂಬತ್ತರಲ್ಲಿ ಒಡಿಶಾ ಕೂಡ ಇತ್ತಲ್ಲ.

ಗೆಳತಿ ಬಹಳ ಹೊತ್ತು ಮಾತಾಡಲಿಲ್ಲ. ಚಳಿ ಜಾಸ್ತಿಯಾಯಿತು, ಇಳಿದೆವು.

ಮೂರನೇ ದಿನ: ಬಾಗಲಕೋಟೆ

ಮುಧೋಳ, ಲೋಕಾಪುರ ದಾಟಿ ಬಾಗಲಕೋಟೆ ಬಸ್ಸು. ದಾರಿಯಲ್ಲಿ ಕಲಾದಗಿ, ಬ್ರಿಟಿಷರ ಕಾಲದಲ್ಲಿ ಬಿಜಾಪುರಕ್ಕಿಂತ ಮುಂಚೆ ಜಿಲ್ಲಾ ಕೇಂದ್ರವಾಗಿದ್ದ ಊರು. ಈಗ ದಾಳಿಂಬೆ, ಚಿಕ್ಕು, ಪೇರಲ ಬುಟ್ಟಿಗಳು ಬಸ್ಸಿನ ಕಿಟಕಿಗೇ ಬರುತ್ತವೆ. ಅದೇ ದಾರಿಯಲ್ಲಿ ತುಳಸಿಗೇರಿ. 2018ರ ಮೇ 28ರ ಬೆಳಗಿನ ಜಾವ ಸಿದ್ದು ನ್ಯಾಮಗೌಡರ ಕಾರು ಅಪಘಾತಕ್ಕೆ ಸಿಕ್ಕಿದ್ದು ಈ ಊರಿನ ಹತ್ತಿರ. ದೆಹಲಿಗೆ ಹೋಗಿ, ಗೋವಾ ಮೂಲಕ ಊರಿಗೆ ವಾಪಸ್ ಬರುತ್ತಿದ್ದರು. ಆ ನವೆಂಬರಿನ ಉಪಚುನಾವಣೆಯಲ್ಲಿ ಮಗ ಆನಂದ ನ್ಯಾಮಗೌಡರನ್ನು ಜಮಖಂಡಿ ಜನ 39,480 ಮತಗಳ ಅಂತರದಿಂದ ಗೆಲ್ಲಿಸಿದರು. 2023ರಲ್ಲಿ ಅದೇ ಜನ ಅವರನ್ನು ಸೋಲಿಸಿದರು. ತುಳಸಿಗೇರಿ ಹನುಮಪ್ಪನ ಗುಡಿ ಕಡೆಗೆ ಬಸ್ಸಿನಲ್ಲಿದ್ದವರೆಲ್ಲ ಕೂತಲ್ಲೇ ಕೈಮುಗಿದರು, ನಾನೂ ಮುಗಿದೆ.

ಬಾಗಲಕೋಟೆಗೆ ನಾನು ಬಂದದ್ದು 1962ರ ಬೆನ್ನು ಹತ್ತಿ. ಆ ವರ್ಷದ ಕಥೆ ನಮ್ಮ ಭಾಗದ ಮಕ್ಕಳಿಗೆಲ್ಲ ಗೊತ್ತಿರಬೇಕು.

ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು. ಜತ್ತಿಯವರೂ ಜಮಖಂಡಿಯಲ್ಲಿ ಗೆದ್ದರು. ಆದರೆ ಪಕ್ಷದೊಳಗೆ ನಿಜಲಿಂಗಪ್ಪನವರ ಕಡೆ ಬಲ ಜಾಸ್ತಿ ಇತ್ತು. ಆ ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಸೋತು ಕೂತಿದ್ದರು. ಮಾರ್ಚ್ 9ಕ್ಕೆ ಜತ್ತಿಯವರ ಅಧಿಕಾರ ಮುಗಿಯಿತು. ಮಾರ್ಚ್ 14ಕ್ಕೆ ಹುನಗುಂದದ ಶಾಸಕ ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರಿಗೆ ಕ್ಷೇತ್ರ ಬೇಕಿತ್ತು. ಬಾಗಲಕೋಟೆಯಲ್ಲಿ ಗೆದ್ದಿದ್ದ ಬಿ.ಟಿ. ಮುರನಾಳ ತಮ್ಮ ಸ್ಥಾನ ಬಿಟ್ಟುಕೊಟ್ಟರು. ನಿಜಲಿಂಗಪ್ಪ ಇಲ್ಲಿಂದ ಅವಿರೋಧವಾಗಿ ಆರಿಸಿ ಬಂದು ಜೂನ್ 21ರಂದು ಮುಖ್ಯಮಂತ್ರಿಯಾದರು. ಜಮಖಂಡಿ, ಹುನಗುಂದ, ಬಾಗಲಕೋಟೆ. ನಾಲ್ಕು ತಿಂಗಳೊಳಗೆ ಮೂರು ಮುಖ್ಯಮಂತ್ರಿಗಳು, ಮೂವರೂ ಈಗಿನ ಒಂದೇ ಜಿಲ್ಲೆಯ ಕ್ಷೇತ್ರಗಳಿಂದ!

ಜತ್ತಿಯವರು ಮುನಿಸಿಕೊಂಡು ಮನೆ ಸೇರಲಿಲ್ಲ. ಮುಖ್ಯಮಂತ್ರಿಯಾಗಿದ್ದವರು ಅದೇ ವರ್ಷ ಜುಲೈನಲ್ಲಿ ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸು ಸಚಿವರಾಗಿ ಕೂತರು. 1967ರಲ್ಲಿ ಮತ್ತೆ ಗೆದ್ದಾಗ ಆಹಾರ ಖಾತೆ ನೋಡಿಕೊಂಡರು. ಇವತ್ತು ಯಾರಾದರೂ ಹಾಗೆ ಇಳಿದು ಕೂರುತ್ತಾರಾ ಅಂತ ಯೋಚಿಸಿ ನೋಡಿ.

ಸೋತ ದೊಡ್ಡವರಿಗೆ ಈ ಜಿಲ್ಲೆ ಮಡಿಲು ಕೊಟ್ಟದ್ದು ಅದೊಂದೇ ಸಲ ಅಲ್ಲ. 2018ರಲ್ಲಿ ಸಿದ್ದರಾಮಯ್ಯನವರು ಎರಡು ಕಡೆ ನಿಂತಿದ್ದರು. ಚಾಮುಂಡೇಶ್ವರಿಯಲ್ಲಿ ಸೋತರು, ಬಾದಾಮಿಯಲ್ಲಿ 1,696 ಮತಗಳಿಂದ ಉಳಿದುಕೊಂಡರು.

ನವನಗರದಲ್ಲಿ ಊಟ ಮುಗಿಸಿ ಮಧ್ಯಾಹ್ನ ಹಳೇ ಊರಿಗೆ ಆಟೋ ಹಿಡಿದೆ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. ಶಾಸ್ತ್ರಿಯವರು ಪ್ರಧಾನಿಯಾಗಿ ಬಂದಿದ್ದರು ಅಂತ ತುಂಬಾ ಜನ ಹೇಳುತ್ತಾರೆ. ಅವತ್ತು ಅವರು ಕೇಂದ್ರ ಸಚಿವರು. ಐದು ದಿನಕ್ಕೆ ನೆಹರೂ ತೀರಿಕೊಂಡರು, ಜೂನ್ 9ರಂದು ಶಾಸ್ತ್ರಿ ಪ್ರಧಾನಿಯಾದರು. ಅಡಿಗಲ್ಲು ಬಿದ್ದಾಗ ರಾಜ್ಯದ ಮುಖ್ಯಮಂತ್ರಿ ಬಾಗಲಕೋಟೆಯ ಶಾಸಕರೇ. ಅದೇ ಅಣೆಕಟ್ಟಿನ ಹಿನ್ನೀರು ಮುಂದೆ ಅದೇ ಬಾಗಲಕೋಟೆಯ ಓಣಿಗಳಿಗೆ ನುಗ್ಗಿತು.

ನಾನು ಅಣೆಕಟ್ಟಿನ ವಿರೋಧಿ ಅಲ್ಲ. ನಮ್ಮ ಜಿಲ್ಲೆ ಬರದಲ್ಲಿ ಎಷ್ಟು ಬೆಂದಿದೆ ಅಂತ ನಮ್ಮಪ್ಪನ ಬಾಯಲ್ಲಿ ಕೇಳುತ್ತಲೇ ಬೆಳೆದವಳು. ಆದರೂ ಒಂದು ವಿಷಯ ಮನಸ್ಸಿನಿಂದ ಹೋಗಲ್ಲ. ಅವಿರೋಧ ಅಂದರೆ ಮತದಾನವೇ ಇಲ್ಲ. ಜಮಖಂಡಿಯ ಆಯಿ ಡಬ್ಬಿಯ ಬಾಯಿಗೆ ಬೆರಳು ತುರುಕಿ ತನ್ನ ಚೀಟಿ ಬಿತ್ತಾ ಅಂತ ನೋಡಿದ್ದಳು. ತಮ್ಮ ಊರಿಗೆ ಮುಖ್ಯಮಂತ್ರಿ ಶಾಸಕನಾಗಿ ಬಂದ ಸಲ ಬಾಗಲಕೋಟೆಯವರಿಗೆ ಹಾಕೋಕೆ ಚೀಟಿಯೇ ಇರಲಿಲ್ಲ.

ಹಳೇ ಊರಿನ ಕೊನೆಯ ಬೀದಿಯಲ್ಲಿ ಒಂದು ಕಿರಾಣಿ ಅಂಗಡಿ. ಅಂಗಡಿಯವರಿಗೆ ಆಯಿ ಹೇಳಿದ ಓಣಿಯ ಹೆಸರು ಹೇಳಿದೆ. ಅವರು ತಕ್ಕಡಿ ಬಿಟ್ಟು ಎದ್ದು ಹೊರಗೆ ಬಂದರು. ಬೀದಿ ಇಳಿಜಾರಾಗಿ ಹೋಗಿ ನೀರಿನಲ್ಲಿ ಮುಗಿದಿತ್ತು. ಅರ್ಧ ಬಿದ್ದ ಒಂದು ಕಲ್ಲಿನ ಗೋಡೆ, ಅದರಲ್ಲಿ ದೀಪ ಇಡುವ ಗೂಡು ಹಾಗೇ ಇತ್ತು. ಗೂಡಿನ ಮೇಲಿನ ಎಣ್ಣೆ ಕಪ್ಪು ಇನ್ನೂ ಹೋಗಿರಲಿಲ್ಲ.

"ಆ ಜಾಲಿಗಿಡ ಕಾಣ್ತದಲ್ರೀ ಅಕ್ಕಾರ, ಅದರ ಆಚೆ," ಅಂತ ಕೈ ಮಾಡಿದರು. ಜಾಲಿಗಿಡ ಸೊಂಟದ ತನಕ ನೀರಿನಲ್ಲಿತ್ತು. ಆಚೆ ಬರೀ ನೀರು, ಎರಡು ಬೆಳ್ಳಕ್ಕಿ.

ನಾಲ್ಕನೇ ದಿನ: ಹುನಗುಂದ, ಕೂಡಲಸಂಗಮ

ಅಮೀನಗಡದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಆಯಿಗೆ ಅಂತ ಕರದಂಟು ಕಟ್ಟಿಸಿಕೊಂಡೆ.

ಹುನಗುಂದದಲ್ಲಿ ಕಂಠಿಯವರನ್ನು ನೆನೆಯದೆ ಇರಲಾಗದು. 1956ರಿಂದ 1962ರ ತನಕ ವಿಧಾನಸಭೆಯ ಸ್ಪೀಕರ್. ಎಲ್ಲರನ್ನೂ ಒಂದೇ ಕಣ್ಣಲ್ಲಿ ನೋಡುವ ಕುರ್ಚಿಯಲ್ಲಿ ಕೂತಿದ್ದವರ ಮೇಲೆ ಎರಡೂ ಗುಂಪಿಗೆ ನಂಬಿಕೆ ಇತ್ತು ಅಂತ ಕಾಣುತ್ತೆ. ಮೂರು ತಿಂಗಳು ಮುಖ್ಯಮಂತ್ರಿಗಿರಿ ಮಾಡಿ, ಹೊತ್ತು ಬಂದಾಗ ಸುಮ್ಮನೆ ಎದ್ದು ನಿಜಲಿಂಗಪ್ಪನವರಿಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟವರು ಕಳೆದುಹೋಗಲಿಲ್ಲ. 1963ರಲ್ಲಿ ಬಿಜಾಪುರದ ಸೈನಿಕ ಶಾಲೆ ಶುರುವಾದಾಗ ಶಿಕ್ಷಣ ಖಾತೆ ಇದ್ದದ್ದು ಅವರ ಕೈಯಲ್ಲಿ. ನಮ್ಮ ಕಡೆಯ ಹಳ್ಳಿ ಹುಡುಗರು ಎಷ್ಟೋ ಜನ ಆ ಶಾಲೆಯ ಗೇಟು ದಾಟಿ ಸೇನೆ ಸೇರಿದ್ದಾರೆ. ಆ ಮೂರು ತಿಂಗಳ ಕುರ್ಚಿಗಿಂತ ಈ ಶಾಲೆ ದೊಡ್ಡದು ಅಂತ ನನಗೆ ಅನ್ನಿಸುತ್ತೆ.

ಮಧ್ಯಾಹ್ನ ಕೂಡಲಸಂಗಮ. ಕೃಷ್ಣೆ ಮಲಪ್ರಭೆ ಕೂಡುವ ಜಾಗ. ಬಸವಣ್ಣನವರ ಐಕ್ಯಮಂಟಪಕ್ಕೆ ಹಿನ್ನೀರು ತಾಗದಂತೆ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಒಳಗೆ ಹೋಗಬೇಕು. ಗೋಡೆಯ ಆಚೆ ನೀರು, ಈಚೆ ತಂಪು, ನಿಶ್ಶಬ್ದ. ಜತ್ತಿಯವರು 1964ರಲ್ಲಿ ಬಸವ ಸಮಿತಿ ಕಟ್ಟಿದರು. ವಚನಗಳನ್ನು ಬೇರೆ ಬೇರೆ ಭಾಷೆಗೆ ಒಯ್ಯುವ ಕೆಲಸ ಅದು ಇವತ್ತಿಗೂ ಮಾಡುತ್ತಿದೆ. 2002ರ ಜೂನ್ 7ರಂದು ತೀರಿಕೊಳ್ಳುವ ತನಕ ಅವರ ಜೊತೆಗೆ ಉಳಿದದ್ದು ಆ ಕೆಲಸ. ಕುರ್ಚಿಗಳೆಲ್ಲ ಯಾವಾಗಲೋ ಹೋಗಿದ್ದವು.

ಮೆಟ್ಟಿಲ ಮೇಲೆ ಕೂತು ಜಮಖಂಡಿಗೆ ಫೋನ್ ಮಾಡಿದೆ. ಗೆಳತಿ ಫೋನನ್ನು ಆಯಿಯ ಕಿವಿಗೆ ಹಿಡಿದಳು. ಕರದಂಟು ತಗೊಂಡಿದ್ದೇನೆ, ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ ಅಂದೆ.

"ಅದಿರಲಿ ಯವ್ವಾ. ಅಕ್ಕನ ಓಣಿ ಕಂಡಿತಾ?"

"ಇಲ್ಲ ಆಯಿ. ನೀರಿತ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಬಳೆ ಸಪ್ಪಳ ಕೇಳಿಸಿತು.

"ಬ್ಯಾಸಗ್ಯಾಗ ಬಾ," ಅಂದರು ಆಯಿ. "ನೀರು ಇಳದಾಗ ಮನಿ ಮುಂದಿನ ಕಟ್ಟಿ ಕಾಣತೈತಿ ಅಂತ ಅಕ್ಕ ಅಂತಿದ್ಲು. ನನ್ನೂ ಕರ್ಕೊಂಡು ಹೋಗು."